ಸತ್ಯಾಂಶ: 21 ದಿನ ತಡೆದರೆ ಚಟ ಬಿಟ್ಟುಹೋಗುತ್ತಾ?

"21 ದಿನ ಆನ್‌ಲೈನ್ ಶಾಪಿಂಗ್, ಕುರುಕಲು ತಿಂಡಿ ಬಿಡಿ, ಹೊಸ ಅಭ್ಯಾಸ ಗ್ಯಾರಂಟಿ." ಈ ಫಾರ್ವರ್ಡ್ ನಿಮಗೂ ಬಂದಿರಬೇಕು, ಅಲ್ವಾ? ಗ್ಯಾರಂಟಿ ಏನೂ ಇಲ್ಲ.

ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಒಂದು ಮಾತು ಬರೆದರು: ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು. 'ಕಡಿಮೆಯೆಂದರೂ' ಅನ್ನೋದು ದಾರಿಯಲ್ಲೇ ಉದುರಿಹೋಯಿತು. ಮೂಗಿಗೆ ಹೇಳಿದ್ದು ಚಕ್ಕುಲಿಗೂ ಅಂಟಿಕೊಂಡಿತು!

ಮುಂದೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲಾಲಿ ತಂಡ 96 ಜನರನ್ನು 84 ದಿನ ಗಮನಿಸಿತು. ಮಧ್ಯಾಹ್ನದ ಊಟಕ್ಕೆ ಒಂದು ಹಣ್ಣು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹೊಸ ರೂಢಿ. ಅದು ತಾನಾಗಿಯೇ ನಡೆಯುವಂತಾಗಲು ಹಿಡಿದದ್ದು ಸುಮಾರು 66 ದಿನ. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ಬೇಕಾದೀತು ಎಂದು ಲೆಕ್ಕ ಹಾಕಿದರು. ಒಂದು ದಿನ ತಪ್ಪಿದ್ದಕ್ಕೆ ಏನೂ ಕೆಡಲಿಲ್ಲ. ನನಗೆ ಹಿಡಿಸಿದ್ದು ಇದೇ. 22ನೇ ದಿನ ಜಾರಿದವರು "ನನ್ನ ಕೈಲಾಗಲ್ಲ" ಅಂತ ಸುಮ್ನೆ ಕೈಬಿಡುತ್ತಾರಲ್ಲ!

ಶಾಪಿಂಗ್ ಆಪ್‌ಗೂ ಚಿಪ್ಸ್ ಪ್ಯಾಕೆಟ್‌ಗೂ ಕೈ ಹೋಗೋದು ಅನೇಕ ಸಲ ಒಂದೇ ಕಾರಣಕ್ಕೆ: ರಾತ್ರಿ ಹತ್ತೂವರೆ, ಸುಸ್ತು, ಬೇಜಾರು. ಬರೀ 'ಬೇಡ' ಅಂದರೆ ಆ ಹೊತ್ತು ಖಾಲಿ ಉಳಿಯುತ್ತದೆ. ಅಲ್ಲಿ ಇನ್ನೊಂದು ಕೆಲಸ ಕೂರಿಸಬೇಕು. ನಾನು ಆಪ್‌ನಿಂದ ಕಾರ್ಡ್ ನಂಬರ್ ಅಳಿಸಿದೆ, ತಿಂಡಿ ಡಬ್ಬ ಅಟ್ಟಕ್ಕೆ ಏರಿಸಿದೆ. ಈಗ ಆ ಹೊತ್ತಿಗೆ ನಾಳೆಯ ಸೊಪ್ಪು ಬಿಡಿಸುತ್ತೇನೆ. ಸಾಲ ಮಾಡಿ ಕೊಳ್ಳುವ, ಹೊಟ್ಟೆ ನೋಯುವವರೆಗೆ ತಿನ್ನುವ ಹಂತವಾದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.