ಬೇಸ್‌ಮೆಂಟಿನ ಒಂದು ಸಾಕೆಟ್

ಎಲೆಕ್ಟ್ರಿಕ್ ಕಾರು ಕೊಂಡು ಮೂರು ವರ್ಷವಾಗುತ್ತ ಬಂತು. ಈ ಮೂರು ವರ್ಷಗಳಲ್ಲಿ ಮದುವೆಮನೆಯ ಊಟದ ಸಾಲಿನಲ್ಲಿ, ಲಿಫ್ಟಿನಲ್ಲಿ, ಬಂಕಿನಲ್ಲಿ ಚಕ್ರಕ್ಕೆ ಗಾಳಿ ಹಾಕಿಸುವಾಗ ಜನ ನನ್ನನ್ನು ಕೇಳಿದ್ದು ಹೆಚ್ಚುಕಡಿಮೆ ಎರಡೇ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡುತ್ತದೆ? ಬ್ಯಾಟರಿ ಹೋದರೆ ಏನು ಗತಿ? ಕೊಳ್ಳುವ ಮೊದಲು ಕೇಳಿಕೊಳ್ಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಮಾತ್ರ ಯಾರೂ ಕೇಳಿಲ್ಲ: ರಾತ್ರಿ ಕಾರು ನಿಲ್ಲುವ ಜಾಗದ ಪಕ್ಕದಲ್ಲಿ ಒಂದು ಗೋಡೆ ಇದೆಯೇ, ಆ ಗೋಡೆಗೆ ಸಾಕೆಟ್ ಹಾಕಿಸಲು ಯಾರ ಅಪ್ಪಣೆ ಬೇಕು?

ಮೊದಲೆರಡು ಪ್ರಶ್ನೆಗಳಿಗೆ ಚುಟುಕಾಗಿಯೇ ಉತ್ತರಿಸಿ ಮುಂದೆ ಹೋಗುತ್ತೇನೆ. ನನ್ನ ಕಾರಿನದು ಸುಮಾರು 40 ಯೂನಿಟ್ ಹಿಡಿಯುವ ಬ್ಯಾಟರಿ. ಕಂಪನಿಯ ಕಾಗದದಲ್ಲಿ 450 ಕಿ.ಮೀ. ದಾಟುವ ಒಂದು ಸಂಖ್ಯೆಯಿದೆ. ಏಸಿ ಹಾಕಿಕೊಂಡು, ನಾಲ್ಕು ಜನರನ್ನು ಕೂರಿಸಿಕೊಂಡು, ಮನುಷ್ಯರಂತೆ ಓಡಿಸಿದರೆ ನನಗೆ ಸಿಗುವುದು 280 ಕಿ.ಮೀ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ ವಾರಂಟಿ ಇದೆ, ಮಾರುಕಟ್ಟೆಯಲ್ಲಿರುವ ಇನ್ನೂ ಹಲವು ಕಾರುಗಳಿಗೂ ಅಷ್ಟಿದೆ. ಬೆಂಗಳೂರಿನಲ್ಲಿ ದಿನಕ್ಕೆ 40 ಕಿ.ಮೀ. ಓಡಿಸುವ ಒಬ್ಬ ನೌಕರನಿಗೆ ಈ ಎರಡೂ ಲೆಕ್ಕಗಳು ಸಾಕಾಗಿ ಮಿಗುತ್ತವೆ. ಆದರೂ ಜಾಹೀರಾತುಗಳು ಈಗಲೂ 500, 600 ಎಂದು ಹರಾಜು ಕೂಗುತ್ತಲೇ ಇವೆ, ಜನರೂ ಅದನ್ನೇ ಕೇಳುತ್ತಲೇ ಇದ್ದಾರೆ.

ಬೆಂಗಳೂರಿಗೆ ಈ ಗಾಡಿ ಹೊಸದೂ ಅಲ್ಲ. 2001ರಲ್ಲೇ ಇದೇ ಊರಿನಲ್ಲಿ ರೇವಾ ಹುಟ್ಟಿತು. ಎರಡು ಬಾಗಿಲಿನ ಆ ಪುಟ್ಟ ಕಾರು ಸೀಸದ ಬ್ಯಾಟರಿಗಳ ಮೇಲೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಅದನ್ನು ಕೊಂಡವರಲ್ಲಿ ಹಲವರು ಕಾಂಪೌಂಡು, ಪೋರ್ಟಿಕೋ ಇದ್ದ ಸ್ವಂತ ಮನೆಯವರು ಎಂಬುದು ನನ್ನ ನೆನಪು; ಗೋಡೆಯ ಸಾಕೆಟ್ಟಿನಿಂದ ಕಿಟಕಿಯಾಚೆ ಎಳೆದ ವೈರು ರಾತ್ರಿಯಿಡೀ ಕಾರಿಗೆ ಅಂಟಿಕೊಂಡಿರುತ್ತಿತ್ತು. ಈ ಇಪ್ಪತ್ತೈದು ವರ್ಷಗಳಲ್ಲಿ ಬ್ಯಾಟರಿ ಎಲ್ಲಿಂದೆಲ್ಲಿಗೋ ಹೋಯಿತು, ಆದರೆ ನಗರದ ಜನ ಪೋರ್ಟಿಕೋ ಬಿಟ್ಟು ಬೇಸ್‌ಮೆಂಟಿಗೆ ಇಳಿದರು. ತೊಡಕು ಶುರುವಾಗಿದ್ದು ಅಲ್ಲಿ.

ನಮ್ಮದು 120 ಮನೆಗಳ ಅಪಾರ್ಟ್‌ಮೆಂಟು. ನನ್ನ ಪಾರ್ಕಿಂಗ್ ಎರಡನೇ ಬೇಸ್‌ಮೆಂಟಿನಲ್ಲಿ, ಮೀಟರ್ ಪ್ಯಾನೆಲ್ ನೆಲಮಹಡಿಯಲ್ಲಿ. ನನ್ನ ಮನೆಯ ಮೀಟರಿನಿಂದಲೇ ಸುಮಾರು 45 ಮೀಟರ್ ಕೇಬಲ್ ಎಳೆದು ನನ್ನ ಜಾಗದ ಕಂಬಕ್ಕೆ ಒಂದು 15 ಆಂಪಿಯರ್ ಸಾಕೆಟ್ ಹಾಕಿಸಿಕೊಳ್ಳಲು ಅಸೋಸಿಯೇಷನ್ನಿಗೆ ಅರ್ಜಿ ಕೊಟ್ಟೆ. ಅಪ್ಪಣೆ ಸಿಗಲು ಐದು ತಿಂಗಳು ಹಿಡಿಯಿತು. ಮೊದಲ ಸಭೆಯಲ್ಲಿ ಖಜಾಂಚಿಯವರು ಇದರ ಬಿಲ್ಲು ಕಾಮನ್ ಮೀಟರಿಗೆ ಬೀಳುತ್ತದೆ ಎಂದರು. ನನ್ನ ಮೀಟರಿನಿಂದಲೇ ಎಂದು ತೋರಿಸಿದ ಮೇಲೆ ಟ್ರಾನ್ಸ್‌ಫಾರ್ಮರಿನ ಲೋಡಿನ ಮಾತೆತ್ತಿದರು. ಎರಡನೇ ಸಭೆಯಲ್ಲಿ ನಿವೃತ್ತ ಹಿರಿಯರೊಬ್ಬರು, ಇಲ್ಲಿಯವರೆಗೆ ನನ್ನ ಜೊತೆ ತುಂಬ ವಿಶ್ವಾಸದಿಂದ ಇದ್ದವರು, ಎದ್ದು ನಿಂತು, "ನಾಳೆ ಇದಕ್ಕೆ ಬೆಂಕಿ ಹತ್ತಿಕೊಂಡ್ರೆ ಮೇಲಿರೋ ನಮ್ಮ ಗತಿ ಏನಪ್ಪಾ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿಕೊಂಡ ವೀಡಿಯೊಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಸರ್ಕಾರ ತನಿಖೆ ಮಾಡಿಸಿ, ಆ ವರ್ಷದ ಡಿಸೆಂಬರಿನಿಂದ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಹಂತಹಂತವಾಗಿ ಬಿಗಿಗೊಳಿಸಿದ್ದು ಮಾತ್ರ ಯಾರ ಮೊಬೈಲಿಗೂ ಬರಲಿಲ್ಲ. ಲಿಥಿಯಂ ಬ್ಯಾಟರಿಗೆ ಹತ್ತಿದ ಬೆಂಕಿಯನ್ನು ಆರಿಸುವುದು ಕಷ್ಟ ಎಂಬುದು ನಿಜ. ಆದರೆ ಬೇಸ್‌ಮೆಂಟಿನಲ್ಲಿ ನಾನು ಹೆಚ್ಚು ಹೆದರುವುದು ಕಾರಿಗಲ್ಲ, ವೈರಿಂಗಿಗೆ. ಅಪ್ಪಣೆ ಸಿಗದೆ ಬೇಸತ್ತವರು ಸೆಕ್ಯೂರಿಟಿಯವರ ಫ್ಯಾನಿಗೆಂದು ಕೊಟ್ಟಿದ್ದ 6 ಆಂಪಿಯರ್ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಗಂಟೆಗಟ್ಟಲೆ ಗಾಡಿ ಚಾರ್ಜ್ ಮಾಡುವುದನ್ನು ಕಂಡಿದ್ದೇನೆ. ಆ ಪ್ಲಗ್ಗನ್ನು ಮುಟ್ಟಿ ನೋಡಿದರೆ ಕೈ ಸುಡುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಒಳ್ಳೆಯ ಸಾಕೆಟ್ಟನ್ನು ನಿರಾಕರಿಸಿದ ಅಸೋಸಿಯೇಷನ್ನುಗಳು ಇಂಥ ಕಳ್ಳ ವೈರುಗಳನ್ನು ತಾವೇ ಹುಟ್ಟಿಸುತ್ತಿವೆ.

ಲೋಡಿನ ವಾದಕ್ಕಂತೂ ನನಗೆ ನಗು ಬಂದಿತ್ತು. 15 ಆಂಪಿಯರ್ ಸಾಕೆಟ್ಟಿನಿಂದ ನನ್ನ ಕಾರು ಎಳೆದುಕೊಳ್ಳುವುದು 3.3 ಕಿಲೋವ್ಯಾಟ್, ಅಂದರೆ ಒಂದು ದೊಡ್ಡ ಗೀಸರಿನಷ್ಟು. ದಿನದ 40 ಕಿ.ಮೀ. ಓಡಾಟಕ್ಕೆ ಬೇಕಾದ ಆರು ಯೂನಿಟ್ ತುಂಬಲು ಊರೆಲ್ಲ ಮಲಗಿದ ಮೇಲೆ ಎರಡು ಗಂಟೆ ಸಾಕು. ಬೆಳಿಗ್ಗೆ ಆರೂವರೆಯಿಂದ ಎಂಟರ ತನಕ ನಮ್ಮ 120 ಮನೆಗಳಲ್ಲಿ ಒಟ್ಟೊಟ್ಟಿಗೆ ಗೀಸರುಗಳು ಉರಿಯುತ್ತವೆ, ಅದಕ್ಕೆ ಯಾರೂ ಎಂದೂ ಸಭೆ ಕರೆದವರಲ್ಲ. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ನಾಳೆ ನೂರು ಮನೆಯವರು 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಹಾಕಿಸಿ, ಸಂಜೆ ಏಳಕ್ಕೆ ಬಂದವರೇ ಎಲ್ಲರೂ ಪ್ಲಗ್ ಚುಚ್ಚಿದರೆ 720 ಕಿಲೋವ್ಯಾಟ್ ಆಗುತ್ತದೆ, ಅದನ್ನು ನಮ್ಮ ಟ್ರಾನ್ಸ್‌ಫಾರ್ಮರ್ ತಾಳುವುದಿಲ್ಲ. ಅದಕ್ಕೆ ಸರದಿಯ ಮೇಲೆ ಕರೆಂಟು ಹಂಚುವ ವ್ಯವಸ್ಥೆ ಬೇಕು, ಅಂಥದ್ದು ಸಿಗುತ್ತದೆ ಕೂಡ. ಹತ್ತು ಕಾರುಗಳಿರುವಾಗ ಕೂತು ಮಾತಾಡಿದರೆ ಅಗ್ಗದಲ್ಲಿ ಆಗುವ ಕೆಲಸ ಅದು. ಕೊನೆಗೆ ಲೋಡು ಮೀರಿದರೆ ಕರೆಂಟು ಕಡಿಯುವ ಪ್ರತ್ಯೇಕ ಎಂಸಿಬಿ, ಶಾಕ್ ಹೊಡೆಯದಂತೆ ತಡೆಯುವ ಆರ್‌ಸಿಸಿಬಿ, ಆರ್ಮರ್ಡ್ ಕೇಬಲ್, ಕಂಬಕ್ಕೊಂದು ಬೆಂಕಿ ಆರಿಸುವ ಸಿಲಿಂಡರ್, ಏನಾದರೂ ಆದರೆ ನಾನೇ ಹೊಣೆ ಎಂದು ಛಾಪಾ ಕಾಗದದಲ್ಲೊಂದು ಮುಚ್ಚಳಿಕೆ, ಇಷ್ಟರ ಮೇಲೆ ಅಪ್ಪಣೆ ದೊರೆಯಿತು. ಮುಚ್ಚಳಿಕೆಯೊಂದನ್ನು ಬಿಟ್ಟು ಉಳಿದೆಲ್ಲವೂ ಸರಿಯಾದ ಷರತ್ತುಗಳೇ.

ಈ ಸಾಕೆಟ್ಟಿಗೆ ಇಷ್ಟೊಂದು ಬಡಿದಾಡುವುದೇಕೆ, ಹೊರಗೆ ಚಾರ್ಜ್ ಮಾಡಿದರಾಗದೇ ಎಂದು ಕೇಳುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಮನೆಯ ಕರೆಂಟು ಯೂನಿಟ್ಟಿಗೆ ಸುಮಾರು 6 ರೂಪಾಯಿ, ಯೂನಿಟ್ಟಿಗೆ 7 ಕಿ.ಮೀ. ಓಡಿದರೆ ಕಿ.ಮೀ.ಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಸಾರ್ವಜನಿಕ ಫಾಸ್ಟ್ ಚಾರ್ಜರಿನಲ್ಲಿ ಶೇ. 18 ಜಿಎಸ್‌ಟಿ ಸೇರಿ ನಾನು ಸಾಮಾನ್ಯವಾಗಿ ಕೊಡುವುದು ಯೂನಿಟ್ಟಿಗೆ 20ರಿಂದ 24 ರೂಪಾಯಿ, ಅಂದರೆ ಕಿ.ಮೀ.ಗೆ ಮೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ 15 ಕಿ.ಮೀ. ಓಡುವ ಕಾರಿಗೆ ಕಿ.ಮೀ.ಗೆ ಸುಮಾರು ಏಳು ರೂಪಾಯಿ ಬೀಳುತ್ತದೆ, ಆದ್ದರಿಂದ ಇದು ಇನ್ನೂ ಅಗ್ಗವೇ. ಆದರೆ ಎಲೆಕ್ಟ್ರಿಕ್ ಕಾರಿಗೆ ಮೊದಲೇ ಕೊಟ್ಟ ಹೆಚ್ಚುವರಿ ಎರಡು ಮೂರು ಲಕ್ಷವನ್ನು ಈ ಉಳಿತಾಯದಲ್ಲಿ ಮರಳಿ ಪಡೆಯಲು ವರ್ಷಗಟ್ಟಲೆ ಕಾಯಬೇಕು. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಆ ಅಂತರ ಇನ್ನಷ್ಟು ಹಿಗ್ಗಿತು. ಒಂದೇ ಕಾರು, ಒಂದೇ ಊರು, ಆದರೆ ಸ್ವಂತ ಗೋಡೆ ಇದ್ದವನಿಗೆ ಒಂದು ದರ, ಇಲ್ಲದವನಿಗೆ ಮೂರು ನಾಲ್ಕು ಪಟ್ಟು ದರ. ಕಿ.ಮೀ.ಗೆ 90 ಪೈಸೆ ಎಂದು ಸ್ಕ್ರೀನ್‌ಶಾಟ್ ಹಾಕಿ ಪೆಟ್ರೋಲ್ ಗಾಡಿಯವರನ್ನು ಹಂಗಿಸುವ ನಮ್ಮ ಎಲೆಕ್ಟ್ರಿಕ್ ಕಾರಿನ ಭಕ್ತರು ಈ ಸಂಗತಿಯನ್ನು ಹೇಳುವುದೇ ಇಲ್ಲ.

ಹೆದ್ದಾರಿಯ ಕಥೆ ಇನ್ನೊಂದು ಬಗೆಯದು. ನನ್ನ ಊರು ಪುತ್ತೂರಿನ ಹತ್ತಿರ, ಬೆಂಗಳೂರಿನಿಂದ ಸುಮಾರು 310 ಕಿ.ಮೀ. ಹಾಸನ ದಾಟಿ ಸಕಲೇಶಪುರದ ಆಸುಪಾಸಿನಲ್ಲಿ ಒಂದು ಸಲ ನಿಲ್ಲಿಸಿ ಮುಕ್ಕಾಲು ಗಂಟೆ ಚಾರ್ಜ್ ಮಾಡಿಕೊಂಡರೆ ಸಾಕು, ಅಷ್ಟರಲ್ಲಿ ದೋಸೆ, ಕಾಫಿ ಎಲ್ಲವೂ ಮುಗಿಯುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಕಾರು ತಾನಾಗಿಯೇ ಬ್ಯಾಟರಿಗೆ ಕರೆಂಟು ತುಂಬಿಕೊಂಡು ಗುಂಡ್ಯ ತಲುಪುವಷ್ಟರಲ್ಲಿ ಶೇಕಡಾ ಎರಡು ಮೂರು ಏರಿರುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗಾದ ಸಂತೋಷ ಹೇಳತೀರದು. ವಾಪಸು ಬರುವಾಗ ಘಾಟಿ ಬಡ್ಡಿಸಮೇತ ವಸೂಲು ಮಾಡುತ್ತದೆ. ಸುಮಾರು 1,600 ಕಿಲೋ ತೂಗುವ ಕಾರನ್ನು 800 ಮೀಟರ್ ಎತ್ತರಕ್ಕೆ ಎತ್ತಲು ಮೂರೂವರೆ ಯೂನಿಟ್ ಬೇಕು, ಸಮತಟ್ಟಿನ ರಸ್ತೆಯಲ್ಲಿ ಅಷ್ಟರಲ್ಲಿ 25 ಕಿ.ಮೀ. ಹೋಗಬಹುದಿತ್ತು. ಇಷ್ಟು ತಿಳಿದುಕೊಂಡರೆ ಘಾಟಿಗೆ ಹೆದರಬೇಕಾಗಿಲ್ಲ. ಲೆಕ್ಕಕ್ಕೆ ಸಿಗದಿರುವುದು ಚಾರ್ಜರಿನ ಆರೋಗ್ಯ.

ಕಳೆದ ಜುಲೈಯಲ್ಲಿ ಹೋಟೆಲೊಂದರ ಅಂಗಳದ ಚಾರ್ಜರನ್ನೇ ನಂಬಿ ಶೇಕಡಾ 14ರೊಂದಿಗೆ ಅಲ್ಲಿಗೆ ತಲುಪಿದೆ. ಮೊಬೈಲಿನ ಆ್ಯಪಿನಲ್ಲಿ ಅದು ಹಸಿರಾಗಿಯೇ ಇತ್ತು, ಎದುರಿಗೆ ನೋಡಿದರೆ ಪರದೆಯಲ್ಲಿ ಕತ್ತಲು. ಹೋಟೆಲಿನ ಹುಡುಗ ಕೊಡೆ ಹಿಡಿದು ಬಂದು, "ಸಾರ್, ಅದು ಮೊನ್ನೆ ಸಿಡಿಲಿಗೆ ಟ್ರಿಪ್ ಆಗಿದೆ, ಕಂಪನಿಯವ್ರು ಬಂದೇ ಸರಿ ಮಾಡ್ಬೇಕಂತೆ" ಎಂದ. ಸಹಾಯವಾಣಿಗೆ ಕರೆ ಮಾಡಿದರೆ ಯಾವುದೋ ದೂರದ ಊರಿನಲ್ಲಿ ಕುಳಿತವರು ಹಿಂದಿಯಲ್ಲಿ ಮಾತಾಡಿ, ಅಲ್ಲಿಂದಲೇ ರೀಸ್ಟಾರ್ಟ್ ಮಾಡುತ್ತೇನೆ ಎಂದು ನಲವತ್ತು ನಿಮಿಷ ಕಾಯಿಸಿದರು. ಆರು ಕಿ.ಮೀ. ಆಚೆಗಿದ್ದ ಇನ್ನೊಂದಕ್ಕೆ ಹೋದರೆ ಕಾರಿಗೆ ಸಿಕ್ಕಿಸುವ ಎರಡು ಗನ್ನುಗಳಲ್ಲಿ ಒಂದರಲ್ಲಿ ಕಾರಿತ್ತು, ಇನ್ನೊಂದರ ಮುಂದೆ ಪೆಟ್ರೋಲ್ ಕಾರೊಂದನ್ನು ನಿಲ್ಲಿಸಿ ಸಂಸಾರಸಮೇತ ಊಟಕ್ಕೆ ಹೋಗಿದ್ದರು. ಅವರು ಬಂದು ಕಾರು ತೆಗೆದ ಮೇಲೆ ಆ ಕಂಪನಿಯದೇ ಬೇರೆ ಆ್ಯಪ್ ಇಳಿಸಿಕೊಂಡು, ವ್ಯಾಲೆಟ್ಟಿಗೆ ಹಣ ಹಾಕಿ, ನೆಟ್‌ವರ್ಕ್ ಸಿಗದೆ ರಸ್ತೆಯ ತನಕ ನಡೆದು ಒಟಿಪಿ ಹಿಡಿದು ತಂದೆ. 60 ಕಿಲೋವ್ಯಾಟ್ ಎಂದು ಬರೆದಿದ್ದ ಯಂತ್ರ ಇಬ್ಬರಿಗೂ ಪಾಲು ಮಾಡಿ ನನಗೆ 30ಕ್ಕೂ ಕಡಿಮೆ ಕೊಟ್ಟಿತು. ಪೆಟ್ರೋಲ್ ಬಂಕಿನಲ್ಲಿ ಪಂಪು ಕೆಟ್ಟರೆ ಒಬ್ಬ ಮನುಷ್ಯ ಓಡಿ ಬರುತ್ತಾನೆ, ಇಲ್ಲಿ ಮನುಷ್ಯನೇ ಇಲ್ಲ. ನಮಗೆ ಈಗ ಬೇಕಾಗಿರುವುದು ಇನ್ನೊಂದು ಉದ್ಘಾಟನೆಯ ಕಲ್ಲಲ್ಲ, ಇದ್ದ ಚಾರ್ಜರು ನಿಂತು ಹೋದರೆ ದಿನದೊಳಗೆ ಬಂದು ನೋಡುವ ಒಬ್ಬ ಎಲೆಕ್ಟ್ರಿಷಿಯನ್.

ಊರಿನ ಮನೆಯಲ್ಲಿ ನನಗಾದ ಅನುಭವಕ್ಕೆ ಮಾತ್ರ ಯಾವ ಆ್ಯಪಿನಲ್ಲೂ ಉತ್ತರವಿರಲಿಲ್ಲ. ಏಪ್ರಿಲ್ ತಿಂಗಳು, ಕೊಟ್ಟಿಗೆಯ ಪಕ್ಕದ 15 ಆಂಪಿಯರ್ ಪಾಯಿಂಟಿಗೆ ಕಾರಿನ ಪೋರ್ಟಬಲ್ ಚಾರ್ಜರ್ ಸಿಕ್ಕಿಸಿದರೆ ಹಸಿರು ದೀಪದ ಬದಲು ಕೆಂಪು ದೀಪ ಮಿಣುಗತೊಡಗಿತು. ನಾನು ಕೈಪಿಡಿಯ ಪುಟ ತಿರುವುತ್ತ ಕುಳಿತಿದ್ದಾಗ ತೋಟದಿಂದ ಬಂದ ಅಪ್ಪ ಒಂದು ಕ್ಷಣ ಅದನ್ನು ನೋಡಿ, "ಮಳೆ ಇಲ್ಲದೆ ನೆಲ ಒಣಗಿದೆ ಮಾರಾಯ, ಅರ್ತಿಂಗ್ ಸಿಗುವುದಿಲ್ಲ ಅದಕ್ಕೆ" ಎಂದರು. ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಮನೆಯ ಹಿಂದೆ ತೋಡಿದ್ದ ಅರ್ತ್ ಗುಂಡಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಎರಡು ಕೊಡ ನೀರು ಹೊಯ್ದರು. ಹತ್ತು ನಿಮಿಷದಲ್ಲಿ ದೀಪ ಹಸಿರಾಯಿತು. ನಲವತ್ತು ವರ್ಷ ಪಂಪ್‌ಸೆಟ್ಟಿನೊಂದಿಗೆ ಬಾಳಿದವರಿಗೆ ಅದು ವಿಶೇಷವೇ ಅಲ್ಲ. ಕಾರು ಮಾರುವವರು ಮನೆಗೆ ಚಾರ್ಜರ್ ಕೊಡುತ್ತಾರೆ, ಆದರೆ ಹಳ್ಳಿಯ ಮನೆಯ ಅರ್ತಿಂಗ್ ನೋಡಿಸಿ ಎಂದು ಹೇಳುವವರು ನನಗಿನ್ನೂ ಸಿಕ್ಕಿಲ್ಲ. ಅರ್ತಿಂಗ್ ಸರಿಯಿಲ್ಲದಲ್ಲಿ ಚಾರ್ಜ್ ಆಗಲು ನಿರಾಕರಿಸುವುದು ಕಾರಿನ ದೋಷವಲ್ಲ, ನಮ್ಮ ಜೀವ ಉಳಿಸುವ ಗುಣ. ಅದನ್ನು ತಿಳಿಯದೆ "ಗಾಡಿಯೇ ಸರಿಯಿಲ್ಲ" ಎಂದು ಊರಿಡೀ ಹೇಳಿಕೊಂಡು ಬಂದವರನ್ನು ಬಲ್ಲೆ.

ಸರ್ಕಾರಗಳು ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ 2018ರಲ್ಲೇ ಸ್ಪಷ್ಟಪಡಿಸಿತು. ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಶೇ. 20ರಷ್ಟು ಜಾಗಕ್ಕೆ ಚಾರ್ಜಿಂಗ್ ಸೌಲಭ್ಯ ಇರಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮಾದರಿ ಕಟ್ಟಡ ನಿಯಮಗಳು ಹೇಳುತ್ತವೆ. 2024ರ ಕೊನೆಯ ಹೊತ್ತಿಗೆ ಕರ್ನಾಟಕದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು, ದೇಶಕ್ಕೇ ಮೊದಲ ಸ್ಥಾನ. ಅವುಗಳಲ್ಲಿ 4,400ಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಉಳಿದದ್ದನ್ನು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಜಿಲ್ಲೆಗಳೂ ಹಂಚಿಕೊಳ್ಳಬೇಕು. ಹಳೆಯ ಅಪಾರ್ಟ್‌ಮೆಂಟಿನ ವಿಷಯ ಮಾತ್ರ ಅಸೋಸಿಯೇಷನ್ನಿನ ದಯೆಗೆ ಬಿದ್ದಿದೆ. ತನ್ನ ಖರ್ಚಿನಲ್ಲಿ, ತನ್ನ ಮೀಟರಿನಿಂದ, ನಿಯಮದ ಪ್ರಕಾರ ಸಾಕೆಟ್ ಹಾಕಿಸಿಕೊಳ್ಳುವವನಿಗೆ ಮೂವತ್ತು ದಿನದಲ್ಲಿ ಒಪ್ಪಿಗೆ ಕೊಡಬೇಕು, ಇಲ್ಲವೇ ಕಾರಣವನ್ನು ಬರೆದುಕೊಡಬೇಕು ಎಂಬ ಒಂದು ಸಾಲಿನ ಕಟ್ಟಳೆಯನ್ನು ನಮ್ಮ ರಾಜ್ಯ ತಂದರೆ, ಅದು ನೂರಾರು ಹೊಸ ಚಾರ್ಜರುಗಳಿಗಿಂತ ಹೆಚ್ಚಿನ ಕೆಲಸ ಮಾಡೀತು ಎಂದು ನನ್ನ ನಂಬಿಕೆ.

"ಕಲ್ಲಿದ್ದಲಿನ ಕರೆಂಟಲ್ಲವೇ ನಿಮ್ಮದು?" ಎಂದು ಚುಚ್ಚುವ ಗೆಳೆಯರ ಮಾತಿನಲ್ಲೂ ಅರ್ಧ ನಿಜವಿದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು ಹಗಲಿನಲ್ಲಿ ಕರೆಂಟು ಕೊಡುತ್ತದೆ, ನನ್ನ ಕಾರು ರಾತ್ರಿ ಕುಡಿಯುತ್ತದೆ. ಹಗಲಿನಲ್ಲಿ ಕಾರು ಎಂಟು ಗಂಟೆ ಸುಮ್ಮನೆ ನಿಂತಿರುವುದು ಕಚೇರಿಯ ಅಂಗಳದಲ್ಲಿ. ಅಲ್ಲಿ ಫಾಸ್ಟ್ ಚಾರ್ಜರ್ ಏನೂ ಬೇಡ, ಸಾಲಾಗಿ ಇಪ್ಪತ್ತು ಸಾದಾ ಸಾಕೆಟ್ಟುಗಳಿದ್ದರೆ ಬಾಡಿಗೆ ಮನೆಯವರ ಸಮಸ್ಯೆಯೂ ಅರ್ಧ ಬಗೆಹರಿದೀತು.

ಕಳೆದ ತಿಂಗಳು ತಂಗಿಯ ಗಂಡ ಕಾರು ಕೊಳ್ಳುವ ಮೊದಲು ನನ್ನ ಅಭಿಪ್ರಾಯ ಕೇಳಿದರು. ಅವರದು ರಾಜಾಜಿನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಕಾರು ನಿಲ್ಲುವುದು ರಸ್ತೆಯ ಬದಿಯಲ್ಲಿ, ಕಚೇರಿಯಲ್ಲಿ ಚಾರ್ಜಿಂಗ್ ಇಲ್ಲ. ಮೇಲಿನ ಲೆಕ್ಕವನ್ನೆಲ್ಲ ಅವರೆದುರು ಕಾಗದದ ಮೇಲೆ ಹಾಕಿದೆವು. "ಹಾಗಾದ್ರೆ ನೀವೇ ಹೇಳಿ ಭಾವ, ತಗೊಳ್ಲಾ ಬೇಡ್ವಾ?" ಎಂದರು. ಸದ್ಯಕ್ಕೆ ಬೇಡ ಎಂದೆ. ಅವರು ಪೆಟ್ರೋಲ್ ಕಾರನ್ನೇ ಕೊಂಡರು. ಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಒಂದು ಸುತ್ತು ಹೋಗಿ ಬಂದು, ಕಾರನ್ನು ಅದರ ಖಾಯಂ ಜಾಗದಲ್ಲಿ ನಿಲ್ಲಿಸಿದೆವು. ಲಂಡನ್ನಿನ ಬೀದಿಗಳಲ್ಲಿ ದೀಪದ ಕಂಬಗಳಿಗೇ ಚಾರ್ಜಿಂಗ್ ಪಾಯಿಂಟ್ ಕೂರಿಸಿದ್ದಾರೆ. ತಂಗಿಯ ಮನೆಯ ಮುಂದಿನ ಬೀದಿದೀಪದ ಕಂಬಕ್ಕೂ ಆ ಕಾರಿಗೂ ನಡುವೆ ನಾಲ್ಕು ಅಡಿ ದೂರವಿತ್ತು.