ಬಳ್ಳಾರಿಯ 'ಬ' ಎಲ್ಲಿ ಹೋಯಿತು?

ಮೊನ್ನೆ ಅರ್ಜಿ ಟೈಪ್ ಮಾಡಿಸಲು ಬಂದ ಅಜ್ಜರೊಬ್ಬರು ನನ್ನ ಟೇಬಲ್ ನೋಡಿ, "ಏನಪಾ, ನಿನ್ನ ಮಿಷನ್ ಎಲ್ಡು ತುಂಡಾಗೈತಲ್ಲ!" ಅಂದರು. "ಕೊಂಡಿದ್ದೇ ಎರಡು ತುಂಡು ಅಜ್ಜಾ" ಅಂದೆ. ಇನ್ನೂ ಜಾಸ್ತಿ ಕನಿಕರಪಟ್ಟರು.

ಬಳ್ಳಾರಿಯಲ್ಲಿ 12 ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ. ಮಣಿಕಟ್ಟು ನೋವು ಶುರುವಾದ ಮೇಲೆ ಈ ಸ್ಪ್ಲಿಟ್ ಕೀಬೋರ್ಡ್ ಕೊಂಡೆ. ಮಾಮೂಲಿಯದರಲ್ಲಿ ಎರಡೂ ಕೈ ಎದೆ ಮುಂದೆ ಒತ್ತಟ್ಟಿಗೆ ಬಂದು ಮಣಿಕಟ್ಟು ತಿರುಚಿಕೊಳ್ಳುತ್ತದೆ. ಇದನ್ನು ಭುಜದ ಅಳತೆಗೆ ಸರಿಸಿ ಇಟ್ಟುಕೊಳ್ಳಬಹುದು. ನಡುವಿನ ಜಾಗದಲ್ಲಿ ನೋಡಿ ಟೈಪ್ ಮಾಡುವ ಕಾಗದ. ಸಂಜೆಯಾದರೆ ಅಲ್ಲೇ ಒಗ್ಗರಣೆ-ಮಿರ್ಚಿ ಪ್ಲೇಟು.

ಮೊದಲ ದಿನವೇ 'ಬ' ಕಾಣೆಯಾಯಿತು. ನಾನು ಬಳಸುವ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'. ಇಂಗ್ಲಿಷ್ 'ಬಿ' ಇರುವ ಕೀಲಿಯೇ ಅದರಲ್ಲಿ 'ಬ'. ಈ ಕೀಬೋರ್ಡ್‌ನಲ್ಲಿ ಅದು ಎಡ ತುಂಡಿಗೆ ಸೇರಿದೆ. ನಾನೋ, ಇಷ್ಟು ವರ್ಷ ಅದನ್ನು ಬಲಗೈ ಬೆರಳಿನಿಂದ ಒತ್ತುತ್ತಿದ್ದೆ! ಬೆರಳು ಹೋಗಿ ಬರೀ ಟೇಬಲ್ ಕುಟ್ಟುತ್ತಿತ್ತು. 'ಳ್ಳಾರಿ ಜಿಲ್ಲೆ' ಅಂತ ಒಂದು ಅರ್ಜಿ ಪ್ರಿಂಟೂ ಆಯಿತು.

ಆದರೆ ಮಜಾ ಇರುವುದು ಕೀಲಿಗಳನ್ನು ಬೇಕಾದ ಕಡೆ ಕೂರಿಸುವುದರಲ್ಲಿ. ನುಡಿಯಲ್ಲಿ ಒತ್ತಕ್ಷರ ಬಂದಾಗಲೆಲ್ಲ ಮಧ್ಯೆ 'ಎಫ್' ಒತ್ತಬೇಕು. 'ಳ್ಳ' ಬರೆಯಲು ಳ, ಎಫ್, ಮತ್ತೆ ಳ. ಕನ್ನಡದಲ್ಲಿ ಒತ್ತಿಗೇನು ಬರವೇ? ಎಲ್ಲ ಭಾರ ಎಡ ತೋರುಬೆರಳಿನ ಮೇಲೆ. ಗಟ್ಟಿಮುಟ್ಟಾದ ಹೆಬ್ಬೆರಳುಗಳಿಗೆ ಮಾತ್ರ ಸ್ಪೇಸ್ ಬಾರ್ ಒಂದೇ ಕೆಲಸ. ನನ್ನದರಲ್ಲಿ ಇರುವುದು 42 ಕೀಲಿ, ಅದರಲ್ಲಿ ಹೆಬ್ಬೆರಳಿಗೇ ಒಂದೊಂದು ಕಡೆ 3. ಎಡ ಹೆಬ್ಬೆರಳಿಗೆ 'ಎಫ್' ಕೊಟ್ಟೆ, ಬಲದ್ದಕ್ಕೆ ಸ್ಪೇಸ್ ಜೊತೆ ಶಿಫ್ಟ್. ಈ ಬದಲಾವಣೆ ಕೀಬೋರ್ಡ್ ಒಳಗಿನ ಚಿಪ್‌ನಲ್ಲೇ ಉಳಿಯುತ್ತದೆ, ಅದನ್ನು ನೋಡಿಕೊಳ್ಳುವುದು ಕ್ಯೂಎಂಕೆ ಅನ್ನುವ ಫರ್ಮ್‌ವೇರ್, ಅಂದರೆ ಚಿಪ್‌ನಲ್ಲೇ ಕೂತು ಕೀಬೋರ್ಡ್ ನಡೆಸುವ ತಂತ್ರಾಂಶ. ಕಂಪ್ಯೂಟರ್‌ಗೆ ಎಂದಿನಂತೆ 'ಎಫ್' ಬಂದಂತೆಯೇ ಲೆಕ್ಕ. ನುಡಿಯನ್ನು ಮುಟ್ಟುವುದೇ ಬೇಡ.

ಸ್ಪೀಡ್ ಹೆಚ್ಚುತ್ತದೆ ಅನ್ನುವವರ ಮಾತು ನಂಬಬೇಡಿ. ನನ್ನದು ಹೆಚ್ಚಲಿಲ್ಲ. ಮೂರು ವಾರ ಎಮ್ಮೆಯ ಹಾಗೆ ಸಾಗಿದೆ, ಗಿರಾಕಿಗಳು ಬೈದರು. ಅಂಕಿಗಳಿಗೆ ಬೇರೆ ಕೀಲಿಯಿಲ್ಲ, ಇನ್ನೊಂದು ಕೀಲಿ ಹಿಡಿದುಕೊಂಡು ಅಕ್ಷರದ ಕೀಲಿಗಳಲ್ಲೇ ಒತ್ತಬೇಕು, ಸರ್ವೆ ನಂಬರ್ ಬಂದರೆ ಈಗಲೂ ತಡವರಿಸುತ್ತೇನೆ. ನೋವು ಕಮ್ಮಿಯಾಗಿದೆ ನಿಜ, ಆದರೆ ಆಗಾಗ ಎದ್ದು ಓಡಾಡುವುದನ್ನೂ ಆಗಲೇ ಶುರುಮಾಡಿದ್ದೆ. ದಿನಕ್ಕೆ ನಾಲ್ಕು ಮೇಲ್ ಕಳಿಸುವವರು ಸುಮ್ನೆ ದುಡ್ಡು ಸುರಿಯಬೇಡಿ. ದಿನವಿಡೀ ಕನ್ನಡ ಕುಟ್ಟುವವರಿಗೆ ಮಾತ್ರ, ಹೆಬ್ಬೆರಳಿನ ಆ ಒಂದು ಒತ್ತಿಗಾಗಿಯಾದರೂ ಇದು ಬೇಕು ಅನ್ನುತ್ತೇನೆ.

ಅಂಗಡಿಯ ಹುಡುಗ ಒಪ್ಪುವುದಿಲ್ಲ. ನಾನು ಊಟಕ್ಕೆ ಹೋದ ತಕ್ಷಣ ಹಳೆಯದನ್ನು ಜೋಡಿಸಿಕೊಳ್ಳುತ್ತಾನೆ. ಬಂದು ನೋಡಿದರೆ ನನ್ನ ಎರಡೂ ತುಂಡುಗಳ ಮೇಲೆ ಟವೆಲ್. "ದೂಳು ಅಣ್ಣಾ" ಅನ್ನುತ್ತಾನೆ. ಬಳ್ಳಾರಿಯಲ್ಲಿ ಅದಕ್ಕೆ ಎದುರು ಮಾತಾಡಲಿಕ್ಕೆ ಆಗುತ್ತಾ?