ಹತ್ತಕ್ಕೆ ಹತ್ತು, ಇಲ್ಲಾಂದ್ರೆ ಕೋರ್ಟು

ಸಿನಿಮಾ ಹೆಂಗಿತ್ತು ಅನ್ನೋ ಪ್ರಶ್ನೆನೂ ಕೊನೆಗೆ ಕೋರ್ಟ್ ಮೆಟ್ಟಿಲು ಹತ್ತಿಬಿಡ್ತು. 2025ರ ಡಿಸೆಂಬರ್‌ನಲ್ಲಿ ‘ದಿ ಡೆವಿಲ್’ ಸಿನಿಮಾ ಬಂದಾಗ ಟಿಕೆಟ್ ಬುಕ್ ಮಾಡೋ ಆ್ಯಪ್ ಬುಕ್‌ಮೈಶೋದಲ್ಲಿ ರೇಟಿಂಗ್ ನಂಬರ್ ಇರಬೇಕಾದ ಜಾಗದಲ್ಲಿ ಕೋರ್ಟ್ ಆದೇಶದ ಪ್ರಕಾರ ರೇಟಿಂಗು, ರಿವ್ಯೂ ಎರಡೂ ಬಂದ್ ಅಂತ ಕಾಣಿಸಿದ್ದು ನಿಮಗೆಲ್ಲ ನೆನಪಿರುತ್ತೆ. ನಮ್ಮ ಗ್ರೂಪುಗಳಲ್ಲಿ ಅದರ ಸ್ಕ್ರೀನ್‌ಶಾಟ್ ಓಡಿದಷ್ಟು ಟ್ರೇಲರ್ ಕೂಡ ಓಡಿರಲಿಲ್ಲ. ನಾನಂತೂ ಹೆಮ್ಮೆಯಿಂದ ಎದೆ ಉಬ್ಬಿಸಿಕೊಂಡೆ. ಜಮೀನು ಕೇಸಿಗೆ ಮೂರು ತಲೆಮಾರು ಅಲೆಯೋ ದೇಶದಲ್ಲಿ ಸಿನಿಮಾ ರಿಲೀಸ್ ಹೊತ್ತಿಗೆ ಸರಿಯಾಗಿ ಆದೇಶ ಕೈಗೆ ಸಿಗುತ್ತೆ ಅಂದ್ರೆ ಯಾರಪ್ಪ ಹೇಳಿದ್ದು ವ್ಯವಸ್ಥೆ ನಿಧಾನ ಅಂತ?

ಇರ್ಲಿ, ನಿರ್ಮಾಪಕರ ಕಷ್ಟ ಸುಳ್ಳೇನಲ್ಲ. ಫಸ್ಟ್ ಶೋದಲ್ಲಿ ಇನ್ನೂ ಧೂಮಪಾನದ ಎಚ್ಚರಿಕೆ ಮುಗಿದಿರಲ್ಲ, ಅಷ್ಟರಲ್ಲಿ ಆ ಕಡೆ ಹೀರೋ ಫ್ಯಾನ್ಸು ಬಂದು ಹತ್ತಕ್ಕೆ ಒಂದು ಕೊಟ್ಟು ‘ಲ್ಯಾಗು, ತಲೆನೋವು, ದುಡ್ಡು ವೇಸ್ಟು’ ಅಂತ ಬರೆದು ಹೋಗಿರ್ತಾರೆ, ಅದನ್ನ ನೋಡಿ ಈ ಕಡೆ ಹೀರೋ ಫ್ಯಾನ್ಸು ಕಂಬಳಿ ಸರಿಸಿ ಎದ್ದು, ಮುಖ ತೊಳೆಯೋದಕ್ಕೂ ಮುಂಚೆ ಹತ್ತಕ್ಕೆ ಹತ್ತು ಒತ್ತಿ ‘ಇಂಡಸ್ಟ್ರಿ ಹಿಟ್, ಉರ್ಕೊಳ್ಳೋರು ಉರ್ಕೊಳ್ಳಿ’ ಅಂತ ಹಾಕ್ತಾರೆ. ಇಬ್ಬರೂ ಸಿನಿಮಾ ನೋಡಿಲ್ಲ. ಇಬ್ಬರ ಸರಾಸರಿ ಐದೂವರೆ. ಸ್ವಾರಸ್ಯ ಏನಂದ್ರೆ ಎಷ್ಟೋ ಸಲ ಸಿನಿಮಾ ನಿಜವಾಗ್ಲೂ ಐದೂವರೆ ಲೆವೆಲ್ಲಿಗೇ ಇರುತ್ತೆ!

ಈ ಹಗ್ಗಜಗ್ಗಾಟದಲ್ಲಿ ಕೆಲಸ ಕಳ್ಕೊಂಡಿರೋದು ಮಧ್ಯದ ನಂಬರುಗಳು. ಯಾರಾದ್ರೂ ಏಳು ಕೊಟ್ಟಿದ್ದು ಈಚೆಗೆ ನೋಡಿದ್ದೀರಾ? ಏಳು ಕೊಟ್ರೆ ಅವನು ಕನ್ನಡ ದ್ರೋಹಿ, ಆರು ಕೊಟ್ರೆ ಆಪೋಸಿಟ್ ಪಾರ್ಟಿಯಿಂದ ದುಡ್ಡು ತಗೊಂಡವನು, ಐದು ಕೊಟ್ಟವನ ಪ್ರೊಫೈಲ್‌ಗೆ ಹೋಗಿ ಅವನ ತಂಗಿ ಮದುವೆ ಫೋಟೋ ಕೆಳಗೆ ಬೈದು ಬರ್ತಾರೆ. ಪೇಪರ್‌ನೋರು ಇದನ್ನೆಲ್ಲ ನೋಡಿ ಯಾವತ್ತೋ ಜಾಣರಾದ್ರು. ಅವರದ್ದು ಐದಕ್ಕೆ ಮೂರು ಅಥವಾ ಮೂರೂವರೆ, ಸಿನಿಮಾ ಯಾವುದೇ ಇರ್ಲಿ. ಎರಡು ಪ್ಯಾರಾ ‘ಇನ್ನಷ್ಟು ಬಿಗಿ ಬೇಕಿತ್ತು’, ಒಂದು ಪ್ಯಾರಾ ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’, ಕೊನೆಗೆ ‘ಪ್ರಯತ್ನ ಮೆಚ್ಚುವಂಥದ್ದು’, ಶುಭಂ.

ಪಕ್ಕದ ರಾಜ್ಯದೋರು ನಮಗಿಂತ ಮುಂಚೆನೇ ಈ ರಗಳೆಗೆ ಬಿದ್ದಿದ್ರು. ಕೇರಳ ಹೈಕೋರ್ಟಲ್ಲಿ ರಿವ್ಯೂ ಬಾಂಬಿಂಗ್, ಅಂದ್ರೆ ಬೇಕಂತಲೇ ರಾಶಿ ರಾಶಿ ಕೆಟ್ಟ ರಿವ್ಯೂ ಸುರಿದು ಸಿನಿಮಾ ಮುಳುಗಿಸೋದರ ಕೇಸು ನಡೀತು, ಕೋರ್ಟಿಗೆ ನೆರವಾಗೋಕೆ ನೇಮಕ ಆಗಿದ್ದ ವಕೀಲರು 2024ರಲ್ಲಿ ಕೊಟ್ಟ ವರದಿಲಿ ರಿಲೀಸ್ ಆಗಿ 48 ಗಂಟೆ ತನಕ ವ್ಲಾಗರ್‌ಗಳು ರಿವ್ಯೂ ಮಾಡೋದು ಬೇಡ ಅಂತ ಸಲಹೆ ಕೊಟ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ತಮಿಳು ನಿರ್ಮಾಪಕರ ಸಂಘ ಮೂರು ದಿನ ರಿವ್ಯೂ ಬೇಡ ಅಂತ ಮದ್ರಾಸ್ ಹೈಕೋರ್ಟಿಗೆ ಹೋಯ್ತು, ಜಡ್ಜ್ ಸಾಹೇಬ್ರು ಮಾತಾಡೋ ಸ್ವಾತಂತ್ರ್ಯ ಅಂತ ಒಂದಿದೆ ಅಂತ ಹೇಳಿ ತಡೆ ಕೊಡೋಕೆ ಒಪ್ಪಲಿಲ್ಲ. ನನಗೆ ಈ 48 ಗಂಟೆ ಐಡಿಯಾ ತುಂಬಾ ಹಿಡಿಸ್ತು. ಅದನ್ನ ವ್ಲಾಗರ್‌ಗಳಿಗೆ ಮಾತ್ರ ಯಾಕೆ, ಮನೆಮನೆಗೂ ತರಬೇಕು. ಗಂಡ ಶುಕ್ರವಾರ ಮಾರ್ನಿಂಗ್ ಶೋ ಮುಗಿಸಿ ಬಂದ, ಹೆಂಡ್ತಿ ‘ಏನ್ರೀ, ಹೆಂಗಿತ್ತು?’ ಅಂತಾಳೆ, ಗಂಡ ಶೂ ಬಿಚ್ತಾ ‘ಭಾನುವಾರ ಹೇಳ್ತೀನಿ ಕಣೆ’ ಅಂತಾನೆ. ಅಷ್ಟರೊಳಗೆ ಮುಖ ಸಿಂಡರಿಸಿದ್ರೆ ಅದನ್ನೂ ನೆಗೆಟಿವ್ ರಿವ್ಯೂ ಅಂತ ಪರಿಗಣಿಸತಕ್ಕದ್ದು. ಒಂದೇ ತೊಂದರೆ, ನಮ್ಮಲ್ಲಿ ಎಷ್ಟೋ ಸಿನಿಮಾಗಳು ಸೋಮವಾರ ನೋಡೋದಿಲ್ಲ. ಮೂರು ದಿನ ಬಿಟ್ಟು ರಿವ್ಯೂ ಬರೆದ್ರೆ ಅದು ರಿವ್ಯೂ ಆಗಲ್ಲ, ಶ್ರದ್ಧಾಂಜಲಿ ಆಗುತ್ತೆ.

ಇಷ್ಟಕ್ಕೂ ಈ ಸ್ಟಾರ್ ಕೊಡೋ ಚಾಳಿ ಶುರು ಮಾಡಿದ್ದು ಯಾರು ಅಂತ ಹುಡುಕ್ಕೊಂಡು ಹೋದ್ರೆ ನ್ಯೂಯಾರ್ಕ್‌ಗೆ ಹೋಗಿ ನಿಲ್ಲುತ್ತೆ. 1928ರ ಜುಲೈನಲ್ಲಿ ಡೈಲಿ ನ್ಯೂಸ್ ಅನ್ನೋ ಪೇಪರಲ್ಲಿ ಐರೀನ್ ಥೈರರ್ ಅನ್ನೋ ಹೆಣ್ಣುಮಗಳು ಸಿನಿಮಾಗೆ ಸ್ಟಾರ್ ಕೊಡೋಕೆ ಶುರು ಮಾಡಿದ್ಲು. ಮೂರಕ್ಕೆ ಲೆಕ್ಕ, ಮೊದಲನೇ ಸಿನಿಮಾಗೆ ಕೊಟ್ಟಿದ್ದು ಒಂದು! ಬೋಣಿನೇ ಹಂಗೆ. ಗಾಂಧಿನಗರದಲ್ಲಿ ಕೂತು ಕೊಟ್ಟಿದ್ರೆ ಆಯಮ್ಮನ ಪುಣ್ಯಕ್ಕೆ ಅವತ್ತು ಸಂಜೆ ಒಂದು ಪ್ರೆಸ್‌ಮೀಟು, ಮಾರನೇ ದಿನ ಫಿಲಂ ಚೇಂಬರ್‌ಗೆ ಒಂದು ದೂರು ಗ್ಯಾರಂಟಿ ಇತ್ತು.

ಆಯಮ್ಮ ಹಚ್ಚಿದ ಬೆಂಕಿ ಈಗ ಎಲ್ಲಿಗೆ ಬಂದಿದೆ ನೋಡಿ. ಆಟೋ ಇಳಿಯೋಕೆ ಮುಂಚೆ ಡ್ರೈವರು ಹಿಂದೆ ತಿರುಗಿ ‘ಸರ್ ಫೈವ್ ಸ್ಟಾರ್ ಕೊಟ್ಬಿಡಿ’ ಅಂತಾನೆ, ಕೊಡ್ದೆ ಇಳಿಯೋಕೆ ಧೈರ್ಯ ಬೇಕು. ಬ್ಯಾಂಕಿಗೆ ಫೋನ್ ಮಾಡಿದ್ರೆ ಕೆಲಸ ಆಗಲ್ಲ, ಆದ್ರೆ ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಅಂಕ ಕೊಡಿ ಅಂತ ಮೆಸೇಜ್ ತಪ್ಪದೆ ಬರುತ್ತೆ. ಏರ್‌ಪೋರ್ಟ್ ಟಾಯ್ಲೆಟ್ ಬಾಗಿಲಲ್ಲಿ ಮೂರು ಮುಖ ಇಟ್ಟಿರ್ತಾರಲ್ಲ, ಹಸಿರು ನಗುಮುಖ, ಹಳದಿ ಸುಮ್ಮನೆ ಮುಖ, ಕೆಂಪು ಸಿಟ್ಟಿನ ಮುಖ, ಅದನ್ನ ನೋಡ್ದಾಗೆಲ್ಲ ಅನ್ಸುತ್ತೆ, ಇಡೀ ದೇಶದಲ್ಲಿ ಪ್ರಾಮಾಣಿಕ ರೇಟಿಂಗ್ ಉಳಿದಿರೋ ಜಾಗ ಅದೊಂದೇ. ಅಲ್ಲಿ ಫ್ಯಾನ್ ಕ್ಲಬ್ ಇಲ್ಲ. ಒಳಗೆ ಹೋಗಿ ಬಂದವನೇ ಒತ್ತಬೇಕು.

ಸಿನಿಮಾಗೆ ಹಂಗಿಲ್ಲ, ಒಳಗೆ ಹೋಗಿ ಬಂದವನ ಮಾತು ಯಾರಿಗೂ ಬೇಡ. ಫಸ್ಟ್ ಡೇ ಥಿಯೇಟರ್ ಮುಂದೆ ಒಂದರ್ಧ ಗಂಟೆ ನಿಂತ್ಕೊಳಿ, ನಿಮಗೇ ಗೊತ್ತಾಗುತ್ತೆ. ಇಂಟರ್ವಲ್ ಆಗ್ತಿದ್ದಂಗೆ ಲೋಗೋ ಡಬ್ಬ ಸಿಗಿಸಿದ ಹತ್ತು ಮೈಕು ಗೇಟಿಗೆ ಮುತ್ಕೊಳ್ತವೆ. ಒಬ್ಬರು ಹೆಂಗಸು ಮಗು ಎತ್ಕೊಂಡು ಬರ್ತಾರೆ, ಮೈಕ್ ಹಿಡಿದ ಹುಡುಗ ‘ಅಕ್ಕಾ ಸಿನಿಮಾ ಹೆಂಗಿದೆ’ ಅಂತಾನೆ, ಆಯಮ್ಮ ಯೋಚನೆ ಮಾಡಿ ‘ಚೆನ್ನಾಗಿದೆ, ಅಮ್ಮನ ಪಾತ್ರ ಮಾಡಿದೋರು ಚೆನ್ನಾಗ್ ಮಾಡಿದಾರೆ, ಆದ್ರೆ ಆ ಫೈಟು ಸ್ವಲ್ಪ ಉದ್ದ...’ ಅಂತಿದ್ದಂಗೇ ಮೈಕು ಮಾಯ! ಅದು ಆಗ್ಲೇ ಶರ್ಟ್ ಬಿಚ್ಚಿ ತಲೆ ಮೇಲೆ ಗಿರಗಿರ ತಿರುಗಿಸ್ತಿರೋ ತಮ್ಮನ ಬಾಯಿ ಹತ್ರ ಇರುತ್ತೆ. ತಮ್ಮ ಕ್ಯಾಮೆರಾಗೆ ಮುತ್ತು ಕೊಟ್ಟು ‘ಗುರೂ ಫಸ್ಟ್ ಹಾಫ್ ಬೆಂಕಿ, ಸೆಕೆಂಡ್ ಹಾಫ್ ಬಿರುಗಾಳಿ’ ಅಂತಾನೆ. ಸೆಕೆಂಡ್ ಹಾಫ್ ಇನ್ನೂ ಶುರುವೇ ಆಗಿಲ್ಲ. ಕೇಳಿದವನಿಗೂ ಅದು ಗೊತ್ತು, ಹೇಳಿದವನಿಗೂ ಗೊತ್ತು, ಮಧ್ಯಾಹ್ನ ಊಟದ ಹೊತ್ತಿಗೆ ಅದು ‘ಪಬ್ಲಿಕ್ ಟಾಕ್’ ಅಂತ ಅಪ್‌ಲೋಡ್ ಆಗಿರುತ್ತೆ. ಆ ಫೈಟು ಉದ್ದ ಅಂದ ಅಕ್ಕನ ಮಾತು ಮೂರು ಸೆಕೆಂಡೂ ಇರಲ್ಲ. ಇಡೀ ದಿನದಲ್ಲಿ ಅಲ್ಲಿ ಯಾರಾದ್ರೂ ರಿವ್ಯೂ ಅಂತ ಮಾಡಿದ್ರೆ ಆಯಮ್ಮ ಒಬ್ರೇ.

ನಿರ್ಮಾಪಕರಿಗೆ ರೇಟಿಂಗ್ ಅಂದ್ರೆ ಅಲರ್ಜಿನಾ ಅಂದ್ರೆ ಅದೂ ಅಲ್ಲ. 9.4 ಬಂದ್ರೆ ಪೋಸ್ಟರ್ ಮೇಲೆ ಹೀರೋ ಮುಖಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿಸ್ತಾರೆ, ‘ಜನ ಮೆಚ್ಚಿದ ಚಿತ್ರ’ ಅಂತಾರೆ, ಜನರೇ ದೇವ್ರು ಅಂತ ವೇದಿಕೆ ಮೇಲೆ ಕಣ್ಣೀರು ಹಾಕ್ತಾರೆ. 4.8 ಬಂದ್ರೆ ಅದೇ ಜನ ಪಿತೂರಿಗಾರರು. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂತಲ್ಲ, ಸ್ಟಾರ್ ಹೆಸರಿನ ಅಬ್ಬರ ಇರಲಿಲ್ಲ, ಪ್ರೀಮಿಯರ್ ನೋಡಿದವರು ನಕ್ಕಿದ್ದನ್ನ ನಾಲ್ಕು ಜನಕ್ಕೆ ಹೇಳಿದ್ರು, ಆ ನಾಲ್ಕು ಜನ ಇನ್ನೊಂದಷ್ಟು ಜನಕ್ಕೆ ಹೇಳಿದ್ರು, ಟಿಕೆಟ್ ಸಿಗದಂಗಾಯ್ತು. ಆವಾಗ ಈ ಬಾಯಿಮಾತನ್ನ 48 ಗಂಟೆ ತಡೀರಿ ಅಂತ ಯಾರೂ ಕೇಳ್ಲಿಲ್ಲ ಸ್ವಾಮಿ. ಕೇಳಿದ್ರೆ ಆ ಸಿನಿಮಾ ಏನಾಗ್ತಿತ್ತು? ದೊಡ್ಡ ಸಿನಿಮಾಗೆ ಕಟೌಟ್ ಇದೆ, ಹಾಲಿನ ಅಭಿಷೇಕ ಇದೆ, ಬೆಳಿಗ್ಗೆ ಆರೂವರೆ ಫ್ಯಾನ್ಸ್ ಶೋ ಇದೆ. ಸಣ್ಣದಕ್ಕೆ ಇರೋದು ನೋಡಿ ಬಂದವನು ಹೇಳೋ ಒಂದು ಮಾತು ಅಷ್ಟೇ. ಅದಕ್ಕೆ ಮಲ್ಟಿಪ್ಲೆಕ್ಸ್‌ನಲ್ಲಿ ಸಿಗೋದೇ ಬೆಳಿಗ್ಗೆ ಹತ್ತಕ್ಕೆ ಒಂದು ಶೋ, ಆಫೀಸಿಗೆ ಹೋಗೋನು ಯಾವನೂ ಹೋಗೋಕಾಗದ ಟೈಮು, ಆಮೇಲೆ ಜನ ಬರ್ಲಿಲ್ಲ ಅಂತ ಸೋಮವಾರ ಅದನ್ನೂ ತೆಗೀತಾರೆ.

ನನಗೆ ಇಲ್ಲಿಗೆ ಬಂದ್ರೆ ಜೋಕ್ ಮಾಡೋ ಮೂಡು ಹೊರಟೋಗುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ಸರ್ಕಾರ ನಿಯಮ ತಂತು, ಅದೇ ತಿಂಗಳು ಹೈಕೋರ್ಟಲ್ಲಿ ತಡೆ ಸಿಕ್ತು. ಅಂದ್ರೆ ನನ್ನ ಜೇಬಿಗೆ ಎಷ್ಟು ಬೇಕಾದ್ರೂ ಕೈ ಹಾಕ್ಬೋದು, ಅದಕ್ಕೆ ಮಿತಿ ಹಾಕೋದು ಕಾನೂನಿನ ಕಗ್ಗಂಟು. ನಾಲ್ಕು ಜನರ ಫ್ಯಾಮಿಲಿ ಶನಿವಾರ ಸಂಜೆ ಹೋದ್ರೆ ಟಿಕೆಟ್ಟು, ಬುಕಿಂಗ್ ಫೀಸು, ಪಾಪ್‌ಕಾರ್ನು, ಪಾರ್ಕಿಂಗು ಎಲ್ಲ ಸೇರಿ ತಿಂಗಳ ಹಾಲಿನ ದುಡ್ಡು ಖಾಲಿ. ಇಷ್ಟು ಕೊಟ್ಟು ಎರಡು ಮುಕ್ಕಾಲು ಗಂಟೆ ಕೂತು, ಹೀರೋ ಸ್ಲೋ ಮೋಷನ್‌ನಲ್ಲಿ ಸಿಗರೇಟ್ ಹಚ್ಚೋದನ್ನ ಮೂರು ಆಂಗಲ್‌ನಲ್ಲಿ ನೋಡಿ ಬಂದವನು ‘ಯಾಕೋ ಬೇಜಾರಾಯ್ತು’ ಅಂತ ಟೈಪ್ ಮಾಡಿದ್ರೆ ಅದು ನಿಮಗೆ ನಷ್ಟ? ತಾವೇ ರೇಟಿಂಗ್ ಒತ್ತೋ ಕಂಪ್ಯೂಟರ್ ಪ್ರೋಗ್ರಾಂಗಳು, ಆ ಬಾಟ್‌ಗಳನ್ನ ಹಿಡೀರಿ, ಯಾರು ಬೇಡ ಅಂದ್ರು. ಟಿಕೆಟ್ ತಗೊಂಡವನೇ ರೇಟಿಂಗ್ ಕೊಡೋ ಹಂಗೆ ಮಾಡ್ರಿ, ಆ್ಯಪ್‌ನವರ ಹತ್ರ ಬುಕಿಂಗ್ ಲೆಕ್ಕ ಇದ್ದೇ ಇರುತ್ತೆ. ಅದು ಬಿಟ್ಟು ಕಳ್ಳ ಇದ್ದಾನೆ ಅಂತ ಇಡೀ ಬೀದಿಗೇ ಬೀಗ ಹಾಕಿಸ್ತೀರಲ್ಲ.

ರೇಟಿಂಗ್ ಬಂದ್ ಆದ್ರೆ ಜನ ಸಿನಿಮಾಗೆ ನುಗ್ತಾರೆ ಅಂತ ಯಾರು ಇವರಿಗೆ ಹೇಳಿದ್ದೋ. ನಮ್ಮ ಏರಿಯಾದ ಟೀ ಅಂಗಡಿ ಮುಂದೆ ಅವತ್ತೂ ಕೇಳ್ತಿದ್ರು, ‘ಹೆಂಗಂತೆ?’ ಅಂತ. ನೋಡಿ ಬಂದವನು ಗ್ಲಾಸು ಕೆಳಗಿಟ್ಟು ಕೈಯನ್ನ ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸಿದ ಅಷ್ಟೇ, ಬಾಯೂ ಬಿಡ್ಲಿಲ್ಲ. ಮೂರು ಜನ ಅಲ್ಲೇ ನಿಂತು ಟಿಕೆಟ್ ಕ್ಯಾನ್ಸಲ್ ಮಾಡಿದ್ರು.